ದನಿ ಕುಳಿತ ಜಾಗ

ಬೀದರ ನಗರದ ಮಟ್ಟಿಗೆ ಆ ಭಾನುವಾರ ಒಂದು ಗಂಭೀರ ನಿರ್ಣಯದ ದಿನವಾಗಿತ್ತು: ಭೌತಶಾಸ್ತ್ರದ ಉಪನ್ಯಾಸಕ ಸುಶೀಲಕುಮಾರನ ಮನೆಯ ಪಡಸಾಲೆಯ ಸೋಫಾವನ್ನು ಹದಿನೇಳು ಇಂಚು ಹಿಂದಕ್ಕೆ ಸರಿಸುವುದೆಂದು ಬೆಳಿಗ್ಗೆ ಏಳೂವರೆಗೆ ತೀರ್ಮಾನವಾಯಿತು. ನಿರ್ಣಯ ಸರ್ವಾನುಮತದ್ದಲ್ಲ. ಸೋಫಾ ಹಿಂದೆ ಹೋದರೆ ಅಡುಗೆಮನೆಯ ಬಾಗಿಲು ಅರ್ಧವೇ ತೆರೆಯುತ್ತದೆ, ಬಂದವರಿಗೆ ಚಹಾ ತರುವಾಗ ತಾನು ಏಡಿಯ ಹಾಗೆ ಅಡ್ಡಡ್ಡ ನಡೆಯಬೇಕಾಗುತ್ತದೆ ಎಂದು ಹೆಂಡತಿ ಉಜ್ವಲಾ ವಿರೋಧ ದಾಖಲಿಸಿದಳು. ಸೋಫಾದ ಮೇಲೆ ಆಗಲೇ ಕೂತಿದ್ದ ಅವ್ವ ಕೌಸಲ್ಯಾಬಾಯಿ ಏಳಲು ಒಪ್ಪದೆ ಸೋಫಾದ ಸಮೇತವೇ ಹಿಂದಕ್ಕೆ ಹೋದಳು. "ಬಂಡ್ಯಾಗ ಕುಂತಂಗಾಯ್ತು ನೋಡವಾ" ಎಂದು ಸೊಸೆಗೆ ಹೇಳಿ ಎಲೆಯಡಿಕೆಯ ಚೀಲ ಬಿಚ್ಚಿದಳು. ಸುಶೀಲಕುಮಾರ ನೆಲದ ಮೇಲೆ ಮೊಣಕಾಲೂರಿ ಅಳತೆಯ ಟೇಪು ಹಿಡಿದು, ಅವ್ವನ ತಲೆಯಿಂದ ತಾನು ಮಾಡಿದ ಎರಡೂ ಸ್ಪೀಕರ್ ಪೆಟ್ಟಿಗೆಗಳಿಗೆ ಅಂತರ ಒಂದೇ ಇದೆಯೋ ಇಲ್ಲವೋ ನೋಡಿದ. ಅವ್ವ ಅಡಿಕೆ ಅಗಿಯುವಾಗ ತಲೆ ಅರ್ಧ ಇಂಚು ಆಚೀಚೆ ಆಗುತ್ತಿತ್ತು. ಅಷ್ಟನ್ನು ಮನ್ನಿಸಿದ.

ಹದಿನೇಳು ಎಂಬ ಸಂಖ್ಯೆ ಸುಮ್ಮನೆ ಹುಟ್ಟಿದ್ದಲ್ಲ. ಮೊದಲ ಪೆಟ್ಟಿಗೆ ಮುಗಿದು ಮೂರು ತಿಂಗಳಾಗಿತ್ತು, ಎರಡನೆಯದು ಭಾಲ್ಕಿಯಿಂದ ಬಂದದ್ದು ಶುಕ್ರವಾರ. ಒಂದೊಂದನ್ನೂ ಪ್ರತ್ಯೇಕ ನುಡಿಸಿದಾಗ ಎರಡೂ ಲಕ್ಷಣವಾಗಿದ್ದವು. ಎರಡನ್ನೂ ಜೋಡಿಸಿ ಒಟ್ಟಿಗೆ ನುಡಿಸಿದ್ದು ನಿನ್ನೆ ಸಂಜೆ. ಮೊದಲ ಸ್ವರಕ್ಕೇ ಮನೆಯೆಲ್ಲ ದನಿಯಾಯಿತು. ಹಾಡು ಗೋಡೆಯಿಂದ, ಮಾಡಿನಿಂದ, ದೇವರ ಫೋಟೋ ಇರಬೇಕಾದಲ್ಲಿ ಇವರು ಬಾಬಾಸಾಹೇಬರ ಫೋಟೋ ಹಾಕಿದ್ದ ಮೂಲೆಯಿಂದ, ಎಲ್ಲೆಡೆಯಿಂದ ಬಂತು. ಸುಶೀಲಕುಮಾರನ ಮೈ ನವಿರೆದ್ದಿತು. ಆದರೆ ಸ್ವಲ್ಪ ಹೊತ್ತಿಗೆ ತಬಲಾದ ಎಡಗೈಯ ಆ ಗುಂ ಎನ್ನುವ ತುಂಬು ನಾದ ಇಲ್ಲವೆಂಬುದು ತಿಳಿಯಿತು. ಬಲಗೈ ಇತ್ತು, ಎಡಗೈಯನ್ನು ಯಾರೋ ಕದ್ದೊಯ್ದಿದ್ದರು. ರಾತ್ರಿಯೆಲ್ಲ ಪುಸ್ತಕ ನೋಡಿದ. ಕೆಳಸ್ವರ ಕಾಣೆಯಾದರೆ ದೋಷ ಕೋಣೆಯದ್ದೂ ಇರಬಹುದು, ಕೂರುವ ಜಾಗ ಬದಲಿಸಿ ನೋಡಿ ಎಂದು ಪುಸ್ತಕ ಹೇಳಿತು. ಮಾಡಿದವನ ತಪ್ಪಿರಬಹುದು ಎಂದೂ ಅದರ ಮುಂದಿನ ಸಾಲಿನಲ್ಲಿ ಹೇಳಿತ್ತು. ಓದುವವನು ತನಗೆ ಬೇಕಾದಲ್ಲಿ ಪುಸ್ತಕ ಮುಚ್ಚುತ್ತಾನೆ.

ಅಂಥ ಪೆಟ್ಟಿಗೆಗಳಲ್ಲಿ ಮಾಡಿದವನ ತಪ್ಪು ಹುಡುಕುವುದೇ ಒಂದು ತಪ್ಪು ಎನ್ನುವಷ್ಟು ಅವು ಚೆಂದ ಇದ್ದವು. ಎದೆಮಟ್ಟದ ಎತ್ತರ, ಇಬ್ಬರು ಹೊರಬೇಕಾದ ಭಾರ. ಗೋಡೆ ಒಂದಲ್ಲ, ಎರಡು ಪದರದ ಪ್ಲೈವುಡ್. ನಡುವೆ ಮಾಂಜ್ರಾ ನದಿಯ ಮರಳು. ಸಾಯಗಾಂವದ ಕಡೆಯ ಒಬ್ಬ ವಿದ್ಯಾರ್ಥಿಯ ಟ್ರ್ಯಾಕ್ಟರಿನಲ್ಲಿ ಒಂದು ಬುಟ್ಟಿ ತರಿಸಿ, ತೊಳೆದು, ಮಾಳಿಗೆಯ ಮೇಲೆ ಒಣಗಿಸಿ, ಉಜ್ವಲಾಳ ಹಿಟ್ಟಿನ ಜರಡಿಯಲ್ಲಿ ಜರಡಿ ಹಿಡಿದದ್ದು. ಆ ಜರಡಿಯ ಬಗ್ಗೆ ಮನೆಯಲ್ಲಿ ಈಗಲೂ ಮಾತು ಬರುತ್ತದೆ. ಒಳಗೆ ದನಿ ಗೋಡೆಗೆ ಬಡಿದು ತಿರುಗಿ ಬರಬಾರದೆಂದು ಉಣ್ಣೆ ತುಂಬಬೇಕು. ಪರದೇಶದವರು ಅದಕ್ಕೆಂದೇ ಮಾಡಿದ ಉಣ್ಣೆ ಮಾರುತ್ತಾರೆ. ಇವನು ಔರಾದದ ಸಂತೆಗೆ ಹೋಗಿ ಚಿಂತಾಕಿಯ ಕುರುಬರವನ ಹತ್ತಿರ ಎರಡು ಕರಿ ಕಂಬಳಿ ಆರಿಸಿದ. ಕಂಬಳಿಯನ್ನು ಕಿವಿಗೆ ಹಿಡಿದು ಅದರ ಹಿಂದೆ ಚಿಟಿಕೆ ಹೊಡೆದು ನೋಡುವ ಗಿರಾಕಿಯನ್ನು ಅವನು ಮೊದಲ ಸಲ ಕಂಡಿದ್ದ. "ಹೊಚಗೊಳ್ಳಾಕೋ, ಮಾತಾಡ್ಸಾಕೋ ಸಾಹೇಬ್ರ?" ಎಂದು ಕೇಳಿದ್ದ. "ಬಾಯಿ ಮುಚ್ಸಾಕ" ಎಂದು ಸುಶೀಲಕುಮಾರ ಹೇಳಿದ್ದ. ಆ ಉತ್ತರ ತನಗೆ ಅಷ್ಟು ಬೇಗ ಹೊಳೆದದ್ದಕ್ಕೆ ಬಸ್ಸಿನಲ್ಲಿ ಬೀದರ ಮುಟ್ಟುವವರೆಗೂ ನಗುತ್ತಿದ್ದ. ಮೇಲುಸ್ವರ ಕೆಳಸ್ವರ ಬೇರ್ಪಡಿಸುವ ತಾಮ್ರದ ತಂತಿಯ ಸುರುಳಿಗಳನ್ನು ಕೈಯಿಂದಲೇ ಸುತ್ತಿದ್ದ, ಒಂದಕ್ಕೆ ನೂರಾ ಎಂಬತ್ತೆರಡು ಸುತ್ತು. ನಡುವೆ ಯಾರಾದರೂ ಕರೆದರೆ ಲೆಕ್ಕ ತಪ್ಪಿ ಮತ್ತೆ ಮೊದಲಿನಿಂದ. ಮೂಲೆಯ ಬೆಸುಗೆ ಎಲ್ಲಿದೆಯೆಂದು ಉಗುರಿಗೂ ತಿಳಿಯದು. ಪಕ್ಕೆಗೆ ಗೆಣ್ಣಿನಿಂದ ಬಡಿದರೆ ಕೋಟೆಯ ಗೋಡೆಗೆ ಬಡಿದಂತೆ, ನೋವು ಗೆಣ್ಣಿಗೇ. ಬೆಳಿಗ್ಗೆ ಏಳುತ್ತಲೇ ಒಮ್ಮೆ ಬಡಿದು ನೋಡುವುದು ಅವನಿಗೆ ರೂಢಿಯಾಗಿತ್ತು. ಯಾರೂ ಇಲ್ಲದಾಗ ಅಂಗೈಯಿಂದ ಸವರುತ್ತಲೂ ಇದ್ದ. ಒಮ್ಮೆ ಉಜ್ವಲಾ ನೋಡಿ, "ಅದಕ್ಕೊಂದ್ ಹೆಸರಿಡ್ರಿ, ನಾ ತೊಟ್ಟಿಲ ಕಟ್ತೇನಿ" ಎಂದಿದ್ದಳು.

ಹೆಸರಿನ ಮಾತೇ ಆ ದಿನದ್ದು. ಹತ್ತು ಗಂಟೆಗೆ ಭಾಲಚಂದ್ರರು ಬರುವವರಿದ್ದರು. ಭಾಲ್ಕಿಯ ಕಾಲೇಜಿನಲ್ಲಿ ಮರಾಠಿ ಕಲಿಸಿ ನಿವೃತ್ತರಾದವರು, ಬೀದರಿನ ಸಂಗೀತ ಸಭೆಯ ಅಧ್ಯಕ್ಷರು, ಈ ಸೀಮೆಯಲ್ಲಿ ಕಿವಿ ಎಂದರೆ ಅವರದು ಎಂದು ಹೆಸರಾದವರು. ಸಭೆಗೆ ಹೊಸದಾಗಿ ಒಂದು ಶ್ರವಣ ಕೋಣೆ ಆಗುತ್ತಿತ್ತು. ಜೋಡಿ ಅವರಿಗೆ ಒಪ್ಪಿಗೆಯಾದರೆ ಆ ಕೋಣೆಗೆ ಹೋಗುತ್ತದೆ, ತಯಾರಿಸಿದವರು ಎಂದು ಗೋಡೆಯ ಮೇಲೆ ಸುಶೀಲಕುಮಾರನ ಹೆಸರು ಬರುತ್ತದೆ. ಕೊಡುವುದು ಪುಕ್ಕಟೆ, ಅವನಿಗೆ ಬೇಕಾಗಿದ್ದದ್ದು ಆ ಗೋಡೆ. ಇಪ್ಪತ್ತಮೂರು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಹೊಸತರಲ್ಲಿ, ಸಭೆಯ ಬೈಠಕ್ಕಿಗೆ ಮೊದಲ ಸಲ ಹೋದವನು ಎಲ್ಲರಿಗಿಂತ ಮುಂಚೆ ಬಂದವನ ಹುರುಪಿನಲ್ಲಿ ಜಮಖಾನೆಯ ಮುಂದಿನ ಸಾಲಿನಲ್ಲಿ ಕುಳಿತಿದ್ದ. ಭಾಲಚಂದ್ರರು ಬಂದು ಹೆಗಲ ಮೇಲೆ ಕೈಯಿಟ್ಟು ಬಹಳ ಮೃದುವಾಗಿ, "ಇಲ್ಲಿ ಸೊಲ್ಲಾಪುರದ ಅತಿಥಿಗಳು ಕೂಡೋರ್ ಅದಾರ್ರಿ. ನೀವು ಅಲ್ಲಿ ಬಾಗಿಲ ಹತ್ರ ಕೂಡ್ರಿ, ಫ್ಯಾನಿನ ಗಾಳಿ ಛಲೋ ಬರ್ತದ" ಎಂದಿದ್ದರು. ಗಾಳಿ ನಿಜಕ್ಕೂ ಚೆನ್ನಾಗಿತ್ತು. ಸೊಲ್ಲಾಪುರದ ಅತಿಥಿಗಳು ಆ ದಿನ ಬರಲಿಲ್ಲ. ಮುಂದಿನ ಸಾಲು ಕೊನೆಯವರೆಗೂ ಖಾಲಿ ಇತ್ತು. ಅತಿಥಿಗಳಿಗೆ ಬಸ್ಸು ತಪ್ಪಿತೋ, ಅಥವಾ ಅತಿಥಿಗಳೇ ಇರಲಿಲ್ಲವೋ ಎಂಬ ಪ್ರಶ್ನೆಯನ್ನು ಅವನು ಇಪ್ಪತ್ತಮೂರು ವರ್ಷ ಯಾರ ಮುಂದೂ ಇಡಲಿಲ್ಲ. ಆಮೇಲೆ ಯಾರೂ ಹೇಳದಿದ್ದರೂ ಬಾಗಿಲ ಹತ್ತಿರವೇ ಕೂರುತ್ತಾ ಬಂದ. ಭಾಲಚಂದ್ರರು ಎಲ್ಲಿ ಕಂಡರೂ ಮೊದಲು ನಮಸ್ಕಾರ ಮಾಡುವವರು. ಅದು ಪ್ರಶ್ನೆಯನ್ನು ಮತ್ತಷ್ಟು ಕಠಿಣ ಮಾಡಿತ್ತು.

ಒಂಬತ್ತೂವರೆಗೆ ಭಾಲ್ಕಿಯಿಂದ ಅಜರ ಬಂದ. ಬಸ್ ನಿಲ್ದಾಣದ ಹಿಂದೆ ಮಂಟಪ, ಲೈಟು, ಸೌಂಡಿನ ಅಂಗಡಿ ಅವನದು. ಖಟಕ ಚಿಂಚೋಳಿಯಿಂದ ಸಾಯಗಾಂವದವರೆಗೆ ಅವನ ಡಬ್ಬಿ ನುಡಿಯದ ಮದುವೆ ಇಲ್ಲ. ಪ್ಲೈವುಡ್ ಕೊರೆದದ್ದು, ಪೆಟ್ಟಿಗೆಗೆ ಕ್ಲಾಂಪು ಹಾಕಿ ಕೂಡಿಸಿದ್ದು ಅವನ ಅಂಗಡಿಯಲ್ಲೇ. ಇಸ್ತ್ರಿ ಮಾಡಿದ ಅಂಗಿ ಹಾಕಿ ಬಂದಿದ್ದವನು ಪೆಟ್ಟಿಗೆಗಳ ಸುತ್ತ ಒಂದು ಸುತ್ತು ಬಂದು, "ಮಾಶಾಲ್ಲಾ ಸರ್, ದುಲ್ಹಾ ದುಲ್ಹನ್ ನಿಂತಂಗ್ ಕಾಣ್ತಾವ್ರಿ" ಎಂದ. "ದುಲ್ಹನ್ ಯಾವುದೋ?" ಎಂದಳು ಅವ್ವ. "ಮಾತು ಜಾಸ್ತಿ ಆಡೋದು ಯಾವುದದ ನೋಡ್ರಿ ಅಮ್ಮಾ." ಉಜ್ವಲಾ ಒಳಗಿನಿಂದಲೇ, "ಹಂಗಿದ್ರ ಈ ಮನ್ಯಾಗ ದುಲ್ಹನ್ ನಿಮ್ಮ ಸರ್ರೇ" ಎಂದಳು. ಸುಶೀಲಕುಮಾರ ನಗಲಿಲ್ಲ; ಅಜರನಿಗೆ ಬಾಗಿಲ ಹತ್ತಿರದ ಸ್ಟೂಲು ತೋರಿಸಿದ. ಅಲ್ಲಿ ಫ್ಯಾನಿನ ಗಾಳಿ ಬರುತ್ತಿತ್ತು.

ಭಾಲಚಂದ್ರರು ಹತ್ತಕ್ಕೆ ಸರಿಯಾಗಿ ಬಂದರು. ಅವರಿಗಾಗಿ ಸೋಫಾದ ನಟ್ಟನಡುವಿನ ಜಾಗ ಇತ್ತು. ಆದರೆ ಅಲ್ಲಿ ಅವ್ವ ಇದ್ದಳು. ಅವ್ವ ಒಂದು ಗೇಣು ಸರಿದಳು, ಅಷ್ಟೇ. ಇಬ್ಬರೂ ನಡುವನ್ನು ಹಂಚಿಕೊಂಡು ಕುಳಿತರು. ಸುಶೀಲಕುಮಾರ ಹಳೆಯ ಒಂದು ಧ್ವನಿಮುದ್ರಿಕೆ ಹಚ್ಚಿದ: ಒಬ್ಬ ಹೆಣ್ಣುಮಗಳು, ತಂಬೂರಿ, ತಬಲಾ, ಬೆಳಗಿನ ತೋಡಿ. ಹಚ್ಚಿ ತಾನು ನಿಂತೇ ಇದ್ದ. ಪಾಠ ಒಪ್ಪಿಸುವವನ ಹಾಗೆ ಕೈ ಕಟ್ಟಿದ್ದು ತಿಳಿದು ಬಿಚ್ಚಿದ, ಬಿಚ್ಚಿದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಮತ್ತೆ ಕಟ್ಟಿದ. ಭಾಲಚಂದ್ರರು ಕಣ್ಣು ಮುಚ್ಚಿದರು. ಮುಚ್ಚಿದ ಕಣ್ಣಿನ ರೆಪ್ಪೆಗಳನ್ನು ಅವನು ಓದಲು ನೋಡಿದ. ಹುಬ್ಬು ಒಮ್ಮೆ ಏರಿತು, ಅದು ಮೆಚ್ಚುಗೆಯೋ, ಅವ್ವನ ಎಲೆಯಡಿಕೆಯ ಘಾಟೋ. ತಬಲಾದ ಎಡಗೈ ಹದಿನೇಳು ಇಂಚು ಹಿಂದೆಯೂ ಇರಲಿಲ್ಲ. ಎಂಟು ನಿಮಿಷದ ಮೇಲೆ ಭಾಲಚಂದ್ರರು ಕಣ್ಣು ತೆರೆದು ಅವನ ಕಡೆಗಲ್ಲ, ಮಾಡಿನ ಕಡೆಗೆ ನೋಡಿದರು.

"ಛಾನ" ಎಂದು ಮರಾಠಿಯಲ್ಲಿ ಮೆಚ್ಚಿದರು. "ಫಾರ್ ಛಾನ. ದನಿ ಎಲ್ಲಿಂದ ಬರ್ಲತದ ತಿಳಿಯಂಗೇ ಇಲ್ರಿ. ಆಕಾಶದಾಗ ಹಾಡಿದಂಗ ಅದ. ನಾ ಪುಣೆದಾಗೂ ಹಿಂಗ ಕೇಳಿಲ್ಲ. ಮುಗೀತು ಸುಶೀಲಕುಮಾರ, ಜೋಡಿ ಸಭಾಕ್ಕ ಬರ್ಲಿ. ಗ್ವಾಡಿ ಮ್ಯಾಲ ನಿಮ್ಮ ಹೆಸರು ಕೆತ್ತಸ್ತೇವಿ. ಉದ್ಘಾಟನಾಕ್ಕ ನೀವು ಮುಂದಿನ ಸಾಲಿನ್ಯಾಗ ಇರ್ಬೇಕು."

ಮುಂದಿನ ಸಾಲು ಎಂಬ ಮಾತು ಅವರು ಬೇಕೆಂದೇ ಆಡಿದರೋ, ಬಾಯಿಗೆ ಬಂದದ್ದೋ. ಸುಶೀಲಕುಮಾರನಿಗೆ ಕಾಲಿನ ಕೆಳಗಿನ ಫರಸಿ ಬೆಚ್ಚಗಾದಂತಾಯಿತು. ಏನಾದರೂ ಹೇಳಬೇಕು, ಚಿಕ್ಕದಾಗಿ, ಸೊಕ್ಕು ಕಾಣದ ಹಾಗೆ; ಅಂಥ ಮಾತೊಂದನ್ನು ಅವನು ಬಹಳ ವರ್ಷದಿಂದ ಸಿದ್ಧ ಮಾಡಿಟ್ಟಿದ್ದ, ಈಗ ನೆನಪಾಗಲಿಲ್ಲ. ಆಗ ಅವ್ವ ಎಲೆಯಡಿಕೆಯನ್ನು ಒಂದು ದವಡೆಗೆ ಒತ್ತರಿಸಿ ಕೇಳಿದಳು:

"ಹಾಡೋಕಿ ಎಲ್ಲಿ ಕುಂತಾಳೋ ಸುಶ್ಯಾ?"

ಉಜ್ವಲಾ ಚಹಾದ ತಾಟು ಹಿಡಿದು ಅಡ್ಡಡ್ಡ ಬರುತ್ತಿದ್ದವಳು ನಕ್ಕಳು. "ಅತ್ತಿ, ಅದು ಟಿವಿ ಅಲ್ಲ. ಆಕಿ ಕಾಣಂಗಿಲ್ಲ."

"ಕಾಣಂಗಿಲ್ಲ ಅಂಬೋದು ನನಗೂ ಗೊತ್ತದ. ಕಾಣದಿದ್ರೇನು, ಕುಂತ ಜಾಗಾ ತಿಳೀಬೇಕಿಲ್ಲೋ? ಒಮ್ಮಿ ಈ ಕಿವ್ಯಾಗ ಬರ್ತಾಳ, ಒಮ್ಮಿ ಆ ಕಿವ್ಯಾಗ ಬರ್ತಾಳ. ಜ್ವಾಳದಾಗ ಸಾಲು ತಪ್ಪಿದೋಳಂಗ ತಿರಗ್ಲತಾಳ ಪಾಪ."

"ಆಯಿ, ಹಾಡು ಕೂಡಂಗಿಲ್ರಿ, ಹಾರ್ತದ" ಎಂದರು ಭಾಲಚಂದ್ರರು, ಬಹಳ ಮೃದುವಾಗಿ.

"ಹಾಡು ಹಾರ್ಲಿರಿ ಸಾಹೇಬ್ರ. ಹಾಡೋಕಿ ಕೂಡ್ಬೇಕಲ್ರಿ?"

ಎಲ್ಲರೂ ನಕ್ಕರು. ಸುಶೀಲಕುಮಾರನೂ ನಗಲು ಬಾಯಿ ತೆರೆದ, ಅದು ತೆರೆದೇ ಉಳಿಯಿತು. ಖಟಕ ಚಿಂಚೋಳಿಯ ಹೊಲಗಳಲ್ಲಿ ಅವ್ವ ಮೂವತ್ತು ವರ್ಷ ಕೂಲಿ ಮಾಡಿದವಳು. ತಲೆ ಮೀರಿದ ಜೋಳದಲ್ಲಿ ಪಕ್ಕದ ಸಾಲಿನವಳು ಕಾಣುವುದಿಲ್ಲ; ಹಾಡುತ್ತಾ ಹೋಗಬೇಕು, ದನಿ ಕೇಳಿ ಜೊತೆಗಾತಿ ಭಾಗೀರಥಿಬಾಯಿ ಎಡಕ್ಕೆ ಮೂರು ಸಾಲು ಆಚೆ, ನಾಲ್ಕು ಹೆಜ್ಜೆ ಮುಂದೆ ಎಂದು ತಿಳಿಯಬೇಕು. ತಿಳಿಯದಿದ್ದರೆ ಕುಡುಗೋಲು ತಾಗುತ್ತದೆ. ಅಂಥ ಕಿವಿಗೆ ಆಕಾಶದಲ್ಲಿ ಹಾಡುವವರು ಗೊತ್ತಿಲ್ಲ. ದನಿಗೆ ಜಾಗವಿಲ್ಲ, ತಬಲಾಕ್ಕೆ ಎಡಗೈಯಿಲ್ಲ: ಎರಡನ್ನೂ ಕೂಡಿಸಿದರೆ ಉತ್ತರ ಎರಡನೇ ವರ್ಷದ ಪಿಯು ಹುಡುಗಿಯೂ ಹೇಳುತ್ತಾಳೆ. ಒಂದು ಪೆಟ್ಟಿಗೆ ಗಾಳಿಯನ್ನು ಮುಂದಕ್ಕೆ ನೂಕುವಾಗ ಇನ್ನೊಂದು ಹಿಂದಕ್ಕೆ ಎಳೆಯುತ್ತಿದೆ. ಒಂದರಲ್ಲಿ ಪ್ಲಸ್ಸು ಮೈನಸ್ಸು ಅದಲುಬದಲಾಗಿದೆ. ಹದಿನೇಳು ಇಂಚು ಸೋಫಾ! ಯಾವುದು, ಎಲ್ಲಿ ಎಂದು ಕೇಳಿಕೊಳ್ಳುವ ಮೊದಲೇ ಗುರುವಾರದ ಸಂಜೆ ಕಣ್ಣಿಗೆ ಬಂತು. ಮೊದಲ ಪೆಟ್ಟಿಗೆಯ ವೈರನ್ನು ತಾನೇ ಹಚ್ಚಿದ್ದ; ಇದು ಭಾಲ್ಕಿಯ ಅಂಗಡಿ, ತೆರೆದ ಎರಡನೆಯ ಪೆಟ್ಟಿಗೆ, ಅಜರನ ಕೈಯಲ್ಲಿ ಒಂದೇ ಬಣ್ಣದ ಎರಡು ಎಳೆಯ ವೈರು. ಗುರುತಿಗೆಂದು ಪ್ಲಸ್ಸಿನ ಎಳೆಗೆ ಸುಶೀಲಕುಮಾರ ಮನೆಯಲ್ಲೇ ಗಂಟು ಹಾಕಿ ಒಯ್ದಿದ್ದ; ಪ್ರಯೋಗಶಾಲೆಯಲ್ಲಿ ಅದೇ ರೂಢಿ. ಅಜರ ಗಂಟನ್ನು ಹೆಬ್ಬೆರಳಿನಿಂದ ಸವರಿ, "ಸರ್, ಈ ಗಂಟು ಅದಲ್ರಿ..." ಎಂದಿದ್ದ. ಬೀದರಿನ ಬಸ್ಸು ಹೊರಡುವುದರಲ್ಲಿತ್ತು. "ಗೊತ್ತದ ಅಜರ. ಇಪ್ಪತ್ಮೂರು ವರ್ಷ ಆಯ್ತು ಫಿಜಿಕ್ಸ್ ಕಲಿಸ್ಲತೇನಿ. ನೀ ಹಚ್ಚಿ ಬಂದ್ ಮಾಡು" ಎಂದು ಇವನು ಚೀಲ ಹೆಗಲಿಗೇರಿಸಿದ್ದ. ಬಹಳ ಮೃದುವಾಗಿಯೇ ಹೇಳಿದ್ದ. ಮದುವೆಯ ಮಂಟಪದಲ್ಲಿ ಕರೆಂಟು ಹೋದಾಗ ಕತ್ತಲಲ್ಲಿ ವೈರು ಜೋಡಿಸುವವರು ಗಂಟು ಹಾಕುವುದು ಮೈನಸ್ಸಿಗೆ ಎಂದು, ಇಷ್ಟು ವರ್ಷ ಆ ಅಂಗಡಿಗೆ ಹೋಗಿ ಬಂದೂ, ಒಂದು ದಿನ ಕೇಳಿರಲಿಲ್ಲ. ಕೇಳಬೇಕೆಂದು ಅನಿಸಿಯೂ ಇರಲಿಲ್ಲ.

ಸ್ಟೂಲಿನಿಂದ ಅಜರ ಎದ್ದು ನಿಂತಿದ್ದ. ಅವನಿಗೂ ಹೊಳೆದಿದೆ ಎಂದು ಮುಖ ಹೇಳುತ್ತಿತ್ತು. ಆ ಮುಖದಲ್ಲಿ ಇನ್ನೂ ಒಂದು ಇತ್ತು, ಸುಮ್ಮನಿರ್ರಿ ಸರ್ ಎಂಬುದು. ಸುಮ್ಮನಿದ್ದರೆ ಆಗುತ್ತಿತ್ತು. ಸೋಮವಾರ ಸದ್ದಿಲ್ಲದೆ ತಿರುವಿ ಹಾಕಿ ಕಳಿಸಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಭಾಲಚಂದ್ರರಿಗೆ ಗೊತ್ತಾಗುತ್ತಿತ್ತೇ? ಗೊತ್ತಾಗುತ್ತಿರಲಿಲ್ಲ ಎಂಬ ಉತ್ತರ ಬಂದಾಗ ಸುಶೀಲಕುಮಾರನಿಗೆ ಖುಷಿಯಾಗಲಿಲ್ಲ. ಇಪ್ಪತ್ತಮೂರು ವರ್ಷ ಯಾವ ಕಿವಿಯ ಒಂದು ಒಳ್ಳೆಯ ಮಾತಿಗಾಗಿ ಕಾದಿದ್ದನೋ ಆ ಕಿವಿ ಅವನ ತಪ್ಪನ್ನೇ ಮೆಚ್ಚಿತ್ತು. ಮಾಂಜ್ರಾದ ಮರಳನ್ನಲ್ಲ, ಚಿಂತಾಕಿಯ ಕಂಬಳಿಯನ್ನಲ್ಲ, ನೂರಾ ಎಂಬತ್ತೆರಡು ಸುತ್ತನ್ನಲ್ಲ. ಅವೆಲ್ಲ ಇನ್ನೂ ಕೇಳಿಸಿಯೇ ಇರಲಿಲ್ಲ. ಅವಕ್ಕೆ ಅವಮಾನವಾಗುತ್ತಿದೆ ಎಂದು ಅವನಿಗೆ ಅನಿಸಿತು. ತನಗಲ್ಲ, ಅವಕ್ಕೆ.

"ಒಂದ್ ನಿಮಿಷ ರೀ" ಎಂದು ಹಾಡು ನಿಲ್ಲಿಸಿದ. ಬಲಗಡೆಗಿದ್ದ ಎರಡನೆಯ ಪೆಟ್ಟಿಗೆಯ ಹಿಂದೆ ಕುಳಿತು ಎರಡು ತಿರುಪು ಸಡಿಲಿಸಿದ, ವೈರಿನ ತುದಿಗಳನ್ನು ಅದಲುಬದಲು ಮಾಡಿ ಬಿಗಿದ. ಚಹಾ ಆರುವಷ್ಟು ಹೊತ್ತೂ ಆಗಲಿಲ್ಲ. ಮತ್ತೆ ಮೊದಲಿನಿಂದ ಹಚ್ಚಿದ. ತಂಬೂರಿ ಹಿಂದೆ ಪರದೆಯಂತೆ ಇಳಿಯಿತು. ಆಮೇಲೆ ಅವಳು ಬಂದಳು. ಎರಡು ಪೆಟ್ಟಿಗೆಗಳ ನಡುವೆ, ಏನೂ ಇಲ್ಲದ ಗೋಡೆಯ ಮುಂದೆ, ಸೆರಗು ಸರಿಮಾಡಿಕೊಂಡು ಕುಳಿತ ಹಾಗೆ. ಬಾಯಿ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ಟೇಪು ಹಿಡಿದು ಹೇಳಬಹುದಿತ್ತು. ಉಸಿರು ತೆಗೆದುಕೊಂಡದ್ದು ಕೇಳಿಸಿತು, ಒಮ್ಮೆ ಮುಖ ತಬಲಾದವನ ಕಡೆ ತಿರುಗಿಸಿದ್ದೂ ಕೇಳಿಸಿತು. ಅವನ ಎಡಗೈ ಬಂತು, ದುಂಡಗೆ, ತುಂಬಿ, ನೆಲದ ಮೇಲೆ ಬರಿಗಾಲು ಇಟ್ಟಿದ್ದವರ ಅಂಗಾಲಿಗೆ ಮುಟ್ಟುವ ಹಾಗೆ; ಬಂದು, ಕಂಬಳಿಯಲ್ಲಿ ಅಡಗಿ, ಚೊಕ್ಕವಾಗಿ ನಿಂತಿತು. ಉಜ್ವಲಾ ಚಹಾದ ಬಸಿ ಹಿಡಿದವಳು ಹಿಡಿದ ಹಾಗೆ ನಿಂತಳು. ಮರಳು ಜರಡಿಯ ಮಾತು ಅವಳ ಮುಖದಿಂದ ಆ ಹೊತ್ತಿಗೆ ಅಳಿಸಿಹೋಗಿತ್ತು. ಸುಶೀಲಕುಮಾರನಿಗೆ ತನ್ನ ಎದೆ ಅಗಲವಾಗುತ್ತಿರುವುದು ನಾಚಿಕೆಯಿಲ್ಲದೆ ತಿಳಿಯಿತು. ಇದನ್ನು ನಾನು ಮಾಡಿದ್ದು, ಎಂದುಕೊಂಡ. ಅಜರನ ಕಡೆ ನೋಡಿ ತಿದ್ದಿಕೊಂಡ: ನಾವು.

"ಹಾಂ" ಎಂದಳು ಅವ್ವ. "ಈಗ ಬಂದು ಕುಂತಳು. ಮಗ್ಗಲಾಗ ತಬಲಾದಾಂವ, ತುಸು ಹಿಂದ."

ಭಾಲಚಂದ್ರರು ಕಣ್ಣು ಮುಚ್ಚಿರಲಿಲ್ಲ. "ಏನ್ ಮಾಡಿದ್ರಿ ಈಗ?"

"ಒಂದ್ ಪೆಟಗಿ ಉಲ್ಟಾ ಜೋಡ್ಸಿತ್ರಿ. ಸರಿ ಮಾಡ್ದೆ."

ಅವರು ಬಾಗಿಲ ಕಡೆ, ಇನ್ನೂ ನಿಂತೇ ಇದ್ದ ಅಜರನ ಕಡೆ ನೋಡಿದರು. "ಹಾಂ, ಮಂಟಪದವರ ಕೈಗೆ ಕೊಟ್ರ ಹಂಗೇ ಆಗ್ತದ್ರಿ" ಎಂದರು.

ಅಜರ ನೆಲ ನೋಡಿದ. "ಗಂಟು ನಮ್ಮಲ್ಲಿ ಮೈನಸ್ಸಿಗಿ ಹಾಕ್ತೇವ್ರಿ ಸರ್..."

"ತಪ್ಪು ಅವಂದಲ್ರಿ, ನಂದು" ಎಂದ ಸುಶೀಲಕುಮಾರ. ಬೇಕಾದದ್ದಕ್ಕಿಂತ ಜೋರಾಗಿ ಹೇಳಿದ. "ಅಂವ ಹೇಳ್ಲಿಕ್ಕ ಬಂದಿದ್ದ. ನಾ ಕೇಳ್ಲಿಲ್ಲ. ಬಸ್ಸಿಗಿ ಹೋದೆ."

ಹಾಡು ನಡೆದೇ ಇತ್ತು, ತನ್ನ ಜಾಗದಲ್ಲಿ. ಭಾಲಚಂದ್ರರು ಚಹಾ ಮುಗಿಸಿ ಬಸಿಯನ್ನು ಬಹಳ ಎಚ್ಚರದಿಂದ ಕೆಳಗಿಟ್ಟರು. ಎಲ್ಲರೆದುರು ಆಕಾಶ ಎಂದು ಕರೆದದ್ದನ್ನು ಒಬ್ಬ ಮುದುಕಿ ಜೋಳದ ಹೊಲದಲ್ಲಿ ಸಾಲು ತಪ್ಪಿದವಳು ಎಂದಿದ್ದಳು. ಅದನ್ನು ನುಂಗುವುದು ಎಂಥವರಿಗೂ ಕಷ್ಟ. ಅವರ ಮೇಲೆ ಸುಶೀಲಕುಮಾರನಿಗೆ ಒಂದು ಕ್ಷಣ ಮಮತೆಯೇ ಹುಟ್ಟಿತು. "ಹಂಗಲ್ಲ ಸುಶೀಲಕುಮಾರ" ಎಂದರು ಅವರು. "ಇದೂ ಛಲೋ ಅದ. ಆದ್ರ ಮೊದಲಿಂದ್ರಾಗ ಒಂದು ಭವ್ಯತಾ ಇತ್ತು. ನಮ್ಮ ಸಭಾಕ್ಕ ಅದೇ ಬೇಕು. ನೀವು ಮೊದಲಿನಂಗೇ ಜೋಡ್ಸಿ ಕೊಡ್ರಿ. ಹೆಸರಿಂದು ನಾ ಹೇಳೇನಲ್ಲ, ಅದ್ರಾಗೇನು ಬದಲಿಲ್ಲ."

ಎರಡು ತಿರುಪು, ಅಷ್ಟೇ. ಗೋಡೆ ಅಲ್ಲೇ ಇತ್ತು, ಮುಂದಿನ ಸಾಲೂ ಇತ್ತು, ಸೊಲ್ಲಾಪುರದವರು ಬಂದರೂ ಏಳಿಸಲಾಗದ ಹಾಗೆ. ಸುಶೀಲಕುಮಾರ ಪೆಟ್ಟಿಗೆಯ ಮೇಲೆ ಕೈಯಿಟ್ಟ. ಅಂಗೈಗೆ ಏನೂ ತಿಳಿಯಲಿಲ್ಲ. ಒಳಗೆ ಅಷ್ಟು ದನಿ ಇದ್ದರೂ ಗೋಡೆ ಕೂದಲೆಳೆಯಷ್ಟೂ ಅದುರುತ್ತಿರಲಿಲ್ಲ.

"ಉಲ್ಟಾ ಜೋಡ್ಸಿ ಅದರ ಮ್ಯಾಲ ನನ್ನ ಹೆಸರು ಹಾಕಂಗಿಲ್ರಿ ಸರ್" ಎಂದ. "ಸರಿ ಇದ್ದಂಗ ಬೇಕಂದ್ರ ನಾಳೇನೇ ತಂದು ಕೂಡಿಸ್ತೇನಿ. ಹೆಸರು ಎರಡು ಹಾಕ್ಬೇಕಾಗ್ತದ, ನಂದೊಂದು, ಅಜರಂದೊಂದು."

"ವಿಚಾರ ಮಾಡ್ತೇವಿ" ಎಂದರು ಭಾಲಚಂದ್ರರು. ಎದ್ದು ಅವ್ವನಿಗೆ ಕೈಮುಗಿದರು, ಉಜ್ವಲಾಳ ಚಹಾವನ್ನು ಹೊಗಳಿದರು. ಸುಶೀಲಕುಮಾರ ಗೇಟಿನವರೆಗೆ ಹೋಗಿ ಬೀಳ್ಕೊಟ್ಟ. ತಿರುಗಿ ಬಂದಾಗ ಸೋಫಾದ ನಡುವೆ ಅವ್ವನ ಪಕ್ಕದಲ್ಲಿ ಅಜರ ಕುಳಿತಿದ್ದ, ಮೊದಲ ಸಲ ಜೋಡಿಯನ್ನು ಎದುರಿನಿಂದ ಕೇಳುತ್ತಾ. ಇಷ್ಟು ವರ್ಷ ಡಬ್ಬಿಗಳ ಹಿಂದೆ ನಿಂತು ದುಡಿದವನಿಗೆ ಅದು ಹೊಸದು. ಅವನು ಬೆರಳೆತ್ತಿ ಖಾಲಿ ಗೋಡೆಯನ್ನು ತೋರಿಸಿ, "ಸರ್, ಇಲ್ಲೇ ಕುಂತಾಳ್ರಿ" ಎಂದು ಪಿಸುಗುಟ್ಟಿದ, ಜೋರಾಗಿ ಹೇಳಿದರೆ ಅವಳು ಎದ್ದು ಹೋದಾಳು ಎನ್ನುವ ಹಾಗೆ. ಸುಶೀಲಕುಮಾರ ಸೋಫಾದ ಮುಂದೆ ನೆಲದ ಮೇಲೆಯೇ ಕುಳಿತು ಕೊನೆಯವರೆಗೆ ಕೇಳಿದ.

ಮುಂದಿನ ತಿಂಗಳು ಸಂಗೀತ ಸಭೆಯ ಶ್ರವಣ ಕೋಣೆಗೆ ಹೈದರಾಬಾದಿನಿಂದ ಬೇರೆ ಜೋಡಿ ತರಿಸಿದರು.